ಎಚ್‌ಡಿಯಲ್ಲಿ ಹಾಲಪ್ಪ

ಒಂದು ಮನೆತನದ ಮರ್ಯಾದೆ, ಒಂದು ಹೆಣ್ಣುಮಗಳ ಮದುವೆ, ಸೋದರಮಾವನೆಂಬ ನನ್ನ ಪದವಿ, ಈ ಮೂರೂ ಯಾವುದರ ಮೇಲೆ ನಿಂತಿದ್ದವೋ ಆ ಗಂಭೀರ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದು ಫೋನಿನಲ್ಲಿ ಫೋಟೊ ಕಳಿಸುವಾಗ ಮೇಲುಗಡೆ ಮೂಲೆಯಲ್ಲಿ ಕಾಣುವ ಎಚ್‌ಡಿ ಎಂಬ ಗುಂಡಿ. ಅದನ್ನು ಒತ್ತಿದರೆ ಫೋಟೊ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಒತ್ತದಿದ್ದರೆ ಆ್ಯಪು ಅದನ್ನು ಹಿಂಡಿ, ಹಗುರ ಮಾಡಿ ಕಳಿಸುತ್ತದೆ. ಬೇರೆ ಊರುಗಳಲ್ಲಿ ಹೀಗೆ ಹಿಂಡಿದಾಗ ಮುಖ ಸ್ವಲ್ಪ ಮಸುಕಾಗುತ್ತದಂತೆ, ಸೀರೆಯ ಜರಿ ಅರಿಸಿನದ ಕಲೆಯಂತೆ ಕಾಣುತ್ತದಂತೆ. ನಮ್ಮೂರಿನಲ್ಲಿ ಒಬ್ಬರು ಉದುರುತ್ತಾರೆ.

ಉದುರುವುದು ಫೋಟೊದಿಂದ ಮಾತ್ರ. ಊಟಕ್ಕೆ ಕುಳಿತವರು ಕುಳಿತೇ ಇರುತ್ತಾರೆ. ಫೋಟೊ ಆ ಕಡೆ ತಲುಪಿದಾಗ ಗುಂಪಿನಲ್ಲಿದ್ದವರ ಪೈಕಿ ಒಬ್ಬರು ಇರುವುದಿಲ್ಲ. ಅವರ ಹಿಂದಿದ್ದ ಗೋಡೆ, ಕಿಟಕಿ, ಒಣಹಾಕಿದ ಟವೆಲ್ಲು ಅಚ್ಚುಕಟ್ಟಾಗಿ ಕಾಣುತ್ತವೆ. ಒಬ್ಬರೇ ಇರುವ ಫೋಟೊ ಕಳಿಸಿದರೆ ಬರೀ ಗೋಡೆ ತಲುಪುತ್ತದೆ. ನಮ್ಮೂರಿನ ಹುಡುಗಿಯರನ್ನು ಗೋಡೆ ನೋಡಿ ಒಪ್ಪಿಕೊಂಡವರೂ ಇದ್ದಾರೆ, ಸುಣ್ಣ ಚೆನ್ನಾಗಿತ್ತಂತೆ. ಹೀಗಾಗಿ ನಾವು ಹೊರಗಿನವರಿಗೆ ಫೋಟೊ ಕಳಿಸಿದ ಮೇಲೆ, ನಿಮಗೆ ಬಂದದ್ದನ್ನು ಒಂದು ಸಲ ವಾಪಸು ಕಳಿಸಿ ಎಂದು ಕೇಳುವುದು ರೂಢಿ. ಯಾರು ಉದುರಿದರೆಂದು ತಿಳಿಯಬೇಕಲ್ಲ. ಹೊರಗಿನವರು ನಮ್ಮನ್ನು ಅನುಮಾನದ ಜನ ಎಂದುಕೊಂಡಿದ್ದಾರೆ.

ಇದು ಯಾಕೆ ಹೀಗೆ ಎಂದು ಮೊದಮೊದಲು ಊರು ತಲೆ ಕೆಡಿಸಿಕೊಂಡಿತು. ಆಮೇಲೆ ಯಾರು ಎಂಬುದಕ್ಕೆ ತಲೆ ಕೆಡಿಸಿಕೊಂಡಿತು, ಅದೇ ಹೆಚ್ಚು ಉಪಯೋಗದ ಪ್ರಶ್ನೆ. ಗೋಡೆಯ ಬಣ್ಣದ ಬಟ್ಟೆ ಹಾಕಿದವರು ಉದುರುತ್ತಾರೆ ಎಂದರು ಕೆಲವರು; ಊರಿನ ಗಂಡಸರೆಲ್ಲ ಚೌಕುಳಿ ಶರ್ಟಿಗೆ ಬಿದ್ದರು. ಮನಸ್ಸು ಬೇರೆಲ್ಲೋ ಇದ್ದವರು ಉದುರುತ್ತಾರೆ ಎಂದರು ಇನ್ನು ಕೆಲವರು. ಒಲೆಯ ಮೇಲೆ ಹಾಲಿಟ್ಟು ಬಂದ ಹೆಂಗಸರನ್ನು ಫೋಟೊಗೆ ಸೇರಿಸುವುದು ನಿಂತಿತು. ಸುತ್ತ ಇರುವವರು ಯಾರ ಕಡೆ ನೋಡುತ್ತಿಲ್ಲವೋ ಅವರು ಉದುರುತ್ತಾರೆ ಎಂದು ಇನ್ನೊಂದು ವಾದ. ಅದನ್ನು ಹೇಳಿದ್ದು ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗಳು ಮಂದಾರ. ಮನೆಯವಳೇ ಹೇಳಿದ್ದರಿಂದ ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ.

ವಾದ ತೀರ್ಮಾನವಾಗದಿದ್ದರೂ ದಾರಿ ಸಿಕ್ಕಿತು. ಮನೆಯವರ ನಡುವೆ ಮನೆಗೆ ಸೇರದ ಒಬ್ಬನನ್ನು ನಿಲ್ಲಿಸುವುದು. ಅವನು ಉದುರುತ್ತಾನೆ, ಮನೆಯವರು ಉಳಿಯುತ್ತಾರೆ. ಇವನಿಗೆ ಉದುರಾಳು ಎಂದು ಹೆಸರು. ಉದುರಾಳನ್ನು ನಡುಮಧ್ಯೆ ನಿಲ್ಲಿಸಬೇಕು, ಯಾರೂ ಅವನ ಹೆಗಲ ಮೇಲೆ ಕೈ ಹಾಕಬಾರದು, ಆಮೇಲೆ ಆ ಕೈ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ನಮ್ಮೂರಿನ ಕುಟುಂಬದ ಫೋಟೊಗಳಲ್ಲಿ ನಡುವಿನ ಸಂದನ್ನು ನೋಡಿ ಹೊರಗಿನವರು, ಪಾಪ, ಅಣ್ಣತಮ್ಮಂದಿರಿಗೆ ಮಾತುಕತೆ ಇಲ್ಲವೆಂದು ತಿಳಿಯುತ್ತಾರೆ. ಇರುವುದೂ ಇಲ್ಲ ಎನ್ನಿ, ಆದರೆ ಸಂದಿಗೆ ಕಾರಣ ಅದಲ್ಲ.

ಉದುರಾಳುಗಳಲ್ಲಿ ದೊಡ್ಡ ಹೆಸರು ಹಾಲಪ್ಪನದು. ಬಸ್ ನಿಲ್ದಾಣದ ಪಕ್ಕ ಅವನದು ಕೊಡೆ ರಿಪೇರಿ ಅಂಗಡಿ. ಎಷ್ಟು ಸಲ ನೋಡಿದರೂ ನೆನಪಿನಲ್ಲಿ ಉಳಿಯದಂಥ ಮುಖ. ಅವನನ್ನು ಮಾತಾಡಿಸಿ ಬೆನ್ನು ತಿರುಗಿಸಿದರೆ ಮೀಸೆ ಇತ್ತೋ ಇಲ್ಲವೋ ಎಂದು ಯೋಚಿಸಬೇಕಾಗುತ್ತಿತ್ತು. "ನಾನು ನಿಂತ್ಮೇಲೆ ಮನೆಯೋರು ಯಾರೂ ಉದುರಿದ್ದಿಲ್ಲ ಸಾರ್" ಎಂದು ಅವನು ಹಿರಿಯ ಸಂಗೀತಗಾರರ ವಿನಯದಲ್ಲಿ ಹೇಳುತ್ತಿದ್ದ. ಹಬ್ಬದೂಟ, ಮನೆಗೊಂದು ಸಿಹಿಯ ಪೊಟ್ಟಣ, ಇಷ್ಟು ಅವನ ಸಂಭಾವನೆ.

ಇಷ್ಟೆಲ್ಲ ಪಾಡು ಯಾಕೆ, ಎಚ್‌ಡಿ ಗುಂಡಿ ಒತ್ತಬಾರದೇ ಎಂದು ಕೇಳುವವರಿಗೆ ನಮ್ಮೂರಿನ ಟವರ್ ಗೊತ್ತಿಲ್ಲ. ಎಚ್‌ಡಿಯಲ್ಲಿ ಒಂದು ಫೋಟೊ ಹೊರಟರೆ ಅದು ದಾಟುವ ತನಕ ಊರಿನ ಬೇರೆ ಯಾವ ಫೋನೂ ಉಸಿರಾಡುವುದಿಲ್ಲ. ಆದ್ದರಿಂದ ಸರದಿ ಹಿಡಿಯಬೇಕು. ಸರದಿ ಬಂದ ದಿನ ಟವರಿನ ಕಾವಲುಗಾರ ಮೇಲೆ ಕೆಂಪು ಬಟ್ಟೆ ಕಟ್ಟುತ್ತಾನೆ. ಬಟ್ಟೆ ಕಂಡ ಕೂಡಲೇ ಜನ ಫೋನುಗಳನ್ನು ಮಗುಚಿಟ್ಟು ಜಗಲಿಗೆ ಬಂದು ಕೂರುತ್ತಾರೆ, ಯಾರ ಮನೆಯದಂತೆ ಎಂದು ಕೇಳಿಕೊಳ್ಳುತ್ತಾರೆ. ತನ್ನ ಫೋಟೊಗಾಗಿ ಇಡೀ ಊರು ಬಾಯಿ ಮುಚ್ಚಿಕೊಂಡು ಕೂರುವ ಈ ಸುಖಕ್ಕೆ ನನ್ನ ಭಾವ ವಿರೂಪಾಕ್ಷಯ್ಯ ಬಹಳ ಕಾಲದಿಂದ ಆಸೆಪಟ್ಟಿದ್ದರು.

ಭಾವ ನೀರು ಸರಬರಾಜು ಕಚೇರಿಯಲ್ಲಿದ್ದವರು. ಯಾವ ಬೀದಿಗೆ ಯಾವಾಗ ನೀರು ಬಿಡಬೇಕೆಂದು ಒಂದು ಆಯುಷ್ಯ ತೀರ್ಮಾನ ಮಾಡಿ ನಿವೃತ್ತರಾದರು. ತೆರೆಯಲು ಮುಚ್ಚಲು ಬೇರೇನೂ ಉಳಿಯದೆ, ಆಮೇಲೆ ಮನೆಯವರ ಬಾಯಿಗಳನ್ನು ವಹಿಸಿಕೊಂಡಿದ್ದರು. ಮಂದಾರಳಿಗೆ ಗಂಡು ಗೊತ್ತಾದದ್ದೇ ತಡ, ಅವರು ಟವರಿನ ಬಳಿ ಹೋಗಿ ಸರದಿ ಹಿಡಿದು ಬಂದರು. ಹುಡುಗನ ಅಜ್ಜಿ ಕಾತ್ಯಾಯಿನಮ್ಮ ಆ ಮನೆಯ ಕೊನೆಯ ಮಾತು. ಮಂಡಿನೋವಿನಿಂದ ಪ್ರಯಾಣ ಮಾಡಲಾರರು, ಆದರೆ ಅವರು ಹೂಂ ಅನ್ನದೆ ಆ ಮನೆಯಲ್ಲಿ ಸಾರಿಗೆ ಉಪ್ಪು ಬೀಳುವುದಿಲ್ಲ. ಹುಡುಗಿಯ ಮನೆಯವರನ್ನೆಲ್ಲ ಒಟ್ಟಿಗೆ ನೋಡಬೇಕು, ಫೋಟೊ ಕಳಿಸಿ ಎಂದು ಅವರು ಹೇಳಿ ಕಳಿಸಿದ್ದರು.

ನನ್ನ ವಿಷಯ ಇಷ್ಟು. ನಾನು ಊರಿನ ವಾಚನಾಲಯ ನೋಡಿಕೊಳ್ಳುವವನು, ಮದುವೆಯಿಲ್ಲ, ಮಕ್ಕಳಿಲ್ಲ. ಮಂದಾರಳಿಗೆ ಕಿವಿ ಚುಚ್ಚಿಸಿದ್ದು ನನ್ನ ತೊಡೆಯ ಮೇಲೆ ಕೂರಿಸಿಕೊಂಡು. ಆಚಾರಿಯ ಮೇಲಿನ ಸಿಟ್ಟಿಗೆ ಅವಳು ನನ್ನ ಎಡಗೈ ಹೆಬ್ಬೆರಳನ್ನು ಕಚ್ಚಿದಳು. ಹಲ್ಲಿನ ಗುರುತು ಇನ್ನೂ ಇದೆ. "ಇವತ್ತು ಕಚ್ಚಿಸಿಕೊಂಡೋನೇ ನಾಳೆ ಇವಳನ್ನ ಹಸೆಗೆ ಕರ್ಕೊಂಡು ಹೋಗೋನು" ಎಂದು ಅಕ್ಕ ಅಂದೇ ಹೇಳಿದ್ದಳು. ಜೀವನದಲ್ಲಿ ನನಗೆ ಸಿಗಬೇಕಾದ ಪದವಿ ಅದೊಂದೇ ಎಂದು ನಾನೂ ಕಾದುಕೊಂಡಿದ್ದೆ.

ಫೋಟೊ ತೆಗೆದದ್ದು ಭಾವನ ಮನೆಯ ನಡುಮನೆಯಲ್ಲಿ. ಕುಟುಂಬದ ಫೋಟೊ ಎಂದ ಮೇಲೆ ಹಾಲಪ್ಪನಿಗೆ ಹೇಳಿಕಳಿಸುವುದು ಯಾರೂ ಯೋಚಿಸಿ ಮಾಡುವ ಕೆಲಸವಲ್ಲ, ಅದು ದೀಪ ಹಚ್ಚಿದಷ್ಟೇ ಸಹಜ. ಅವನು ಬಂದ, ಅಕ್ಕನ ಪಕ್ಕ ನಡುವೆ ನಿಂತ, ಊಟ ಮಾಡಿದ, ಹೋದ. ಕಳಿಸುವ ಮುಂಚೆ ನಾವೆಲ್ಲ ಆ ಫೋಟೊವನ್ನು ತಿರುಗಿಸಿ ಮುರುಗಿಸಿ ನೋಡಿದೆವು. ಅಕ್ಕ ತನ್ನ ಸೆರಗು ನೋಡಿಕೊಂಡಳು, ಭಾವ ತಮ್ಮ ಹೊಟ್ಟೆ ನೋಡಿಕೊಂಡರು, ಮಂದಾರ ಗೋಡೆಯ ಕ್ಯಾಲೆಂಡರ್ ಹೋದ ವರ್ಷದ್ದು ಎಂದಳು, ನಾನು ಕೊನೆಯಲ್ಲಿ ನಿಂತು ಮುಖ ಗಂಟಿಕ್ಕಿದ್ದೇನೆ ಎಂದು ನನಗನಿಸಿತು. ಹಾಲಪ್ಪ ಯಾರ ಕಣ್ಣಿಗೂ ಬೀಳಲಿಲ್ಲ. ಉದುರಾಳನ್ನು ಆಗಲೇ ಹೋದವನೆಂದು ಲೆಕ್ಕ ಹಾಕಿ ನೋಡುವುದು ನಮ್ಮೂರಿನ ಕಣ್ಣಿಗೆ ಎಂದೋ ಅಭ್ಯಾಸವಾಗಿದೆ. ಟವರಿನ ಮೇಲೆ ಕೆಂಪು ಬಟ್ಟೆ ಏರಿತು, ಊರು ಜಗಲಿಗೆ ಬಂತು, ಭಾವ ಶಂಕುಸ್ಥಾಪನೆ ಮಾಡುವವರ ಹಾಗೆ ಬೆರಳು ಚಾಚಿ ಎಚ್‌ಡಿ ಒತ್ತಿದರು.

ಎಚ್‌ಡಿಯಲ್ಲಿ ಯಾರೂ ಉದುರುವುದಿಲ್ಲ. ಇದು ನಮ್ಮೂರಿನ ಮಕ್ಕಳಿಗೂ ಗೊತ್ತು.

ಮರುದಿನ ಕಾತ್ಯಾಯಿನಮ್ಮನವರ ಫೋನು ಬಂತು. ಎಲ್ಲರೂ ಕೇಳಲೆಂದು ಭಾವ ಸ್ಪೀಕರಿಗೆ ಹಾಕಿದರು. ಆಯಮ್ಮ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದರು. ಅಷ್ಟು ಸ್ಪಷ್ಟವಾದ ಫೋಟೊ ಅವರ ಕೈಗೆ ಸಿಕ್ಕಿದ್ದು ಅದೇ ಮೊದಲಂತೆ.

"ಹುಡುಗಿ ಲಕ್ಷಣವಾಗಿದಾಳೆ. ಗೋಡೇಲಿ ಹಲ್ಲಿ ಇದೆ, ಇರ್ಲಿ. ಬೀಗರೇ, ನಿಮ್ಮ ಕೂದಲಿಗೆ ಬಣ್ಣ ಹಾಕ್ದೋರು ಬಲಗಿವಿ ಹಿಂದೆ ಮರೆತಿದಾರೆ."

"ಹೌದಾ ಅಮ್ಮ" ಎಂದರು ಭಾವ, ಬಲಗಿವಿ ಮುಟ್ಟಿಕೊಂಡು.

"ಹುಡುಗಿ ತಾಯಿ ಪಕ್ಕ, ನಡುಮಧ್ಯೆ ಚೌಕುಳಿ ಶರ್ಟು ಹಾಕ್ಕೊಂಡು ನಿಂತಿದಾರಲ್ಲ, ಎರಡನೇ ಗುಂಡಿ ಇಲ್ಲ, ಅವರು ಯಾರು?"

ನಾವು ನಾಲ್ವರೂ ಒಟ್ಟಿಗೆ ಫೋನಿನ ಮೇಲೆ ಬಾಗಿದೆವು. ಹಾಲಪ್ಪ ಇದ್ದ. ನಡುಮನೆಯ ನಡುಮಧ್ಯೆ, ನನ್ನ ಅಕ್ಕನ ಪಕ್ಕ, ಮೀಸೆಸಮೇತ ಇದ್ದ.

"ಅವರು... ಹುಡುಗಿಯ ಸೋದರಮಾವ ಅಮ್ಮ" ಎಂದರು ಭಾವ.

"ಅಂದ್ಕೊಂಡೆ. ಹಂಗಾದ್ರೆ ಆ ಕೊನೇಲಿ ಕನ್ನಡಕ ಹಾಕ್ಕೊಂಡು, ಮುಖ ಗಂಟಿಕ್ಕೊಂಡು ನಿಂತಿರೋರು?"

ಭಾವ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

"ಅವರು ಹಂಗೇ ಬಂದಿದ್ರು ಅಮ್ಮ, ಏನೋ ಪುಸ್ತಕ ಕೊಡೋದಿತ್ತು."

ಆಮೇಲೆ ಕಾತ್ಯಾಯಿನಮ್ಮನವರು ಹೇಳಿದ ಮಾತನ್ನು ಅಕ್ಷರಶಃ ಬರೆಯುತ್ತೇನೆ, ಏಕೆಂದರೆ ಅದನ್ನು ಮರೆಯುವುದು ನನ್ನಿಂದ ಆಗಿಲ್ಲ. "ನಮಗೆ ಬಂದ ಸಂಬಂಧದ ಫೋಟೊಗಳಲ್ಲಿ ಒಬ್ಬೊಬ್ಬ ಗಂಡಸೂ ತಾನೇ ಮದುವೆ ಗಂಡು ಅನ್ನೋ ಹಂಗೆ ಕತ್ತು ಮುಂದೆ ಹಾಕ್ಕೊಂಡು ನಿಂತಿರ್ತಾನೆ. ಈ ಮನುಷ್ಯ ನೋಡಿ, ತಾನು ಅಲ್ಲಿದೀನಿ ಅನ್ನೋ ಜಂಬವೇ ಇಲ್ಲ ಮುಖದಲ್ಲಿ. ಇಂಥ ಸೋದರಮಾವ ಇರೋ ಮನೆ ಹೆಣ್ಣು ನಮಗೆ ಒಪ್ಪಿಗೆ. ಇವರು ಕೈ ಹಿಡಿದು ಹುಡುಗೀನ ಹಸೆಗೆ ತರೋದನ್ನ ನಾನು ನೋಡ್ಬೇಕು. ಮುಹೂರ್ತದ ಹೊತ್ತಿಗೆ ಫೋಟೊ ಕಳಿಸಿ."

ಫೋನು ಇಟ್ಟ ಮೇಲೆ ಭಾವ ಕನ್ನಡಿ ಹುಡುಕಿಕೊಂಡು ಬಲಗಿವಿಯ ಹಿಂದೆ ನೋಡಿಕೊಂಡರು.

"ನಾನು ಹಂಗೇ ಬಂದೋನಾ ಭಾವ?" ಎಂದೆ.

"ಬಾಯಿಗೆ ಅದು ಬಂತು ಕಣಯ್ಯಾ. ನಿಮ್ಮಕ್ಕನ ಪಕ್ಕ ನಿಂತಿರೋ ಗಂಡಸನ್ನ ಇನ್ನೇನಂತ ಹೇಳ್ಲಿ? ಕೊಡೆ ರಿಪೇರಿಯೋನು, ಊಟ ಹಾಕಿ ಕರೆಸಿದ್ವಿ ಅನ್ಲಾ?"

"ನಿಜ ಹೇಳಬಹುದಿತ್ತಲ್ಲ."

"ಏನಂತ? ನಮ್ಮೂರ ಫೋಟೊದಲ್ಲಿ ಜನ ಉದುರ್ತಾರೆ ಅಂತಾನಾ? ಮೇಲಿನ ಬೀದಿಯೋರು ಹಂಗೆ ನಿಜ ಹೇಳಿ ಏನಾಯ್ತು? ಗಂಡಿನ ಕಡೆಯೋರು ಕಾಫಿ ಲೋಟ ಅಲ್ಲೇ ಇಟ್ಟು ಎದ್ದು ಹೋಗ್ಲಿಲ್ವಾ?"

ಅಕ್ಕನ ಕಡೆ ತಿರುಗಿದೆ. "ನೀನಾದ್ರೂ ಒಂದು ಮಾತು ಆಡಬಾರ್ದಿತ್ತಾ?"

"ಆಯಮ್ಮ ನನ್ನ ಸೆರಗಿನ ತೇಪೆಗೆ ಬರ್ತಾರೇನೋ ಅಂತ ನಾನು ಉಸಿರು ಬಿಗಿಹಿಡ್ಕೊಂಡಿದ್ದೆ ಕಣೋ."

ನನ್ನನ್ನು ಸೋದರಮಾವನ ಸ್ಥಾನದಿಂದ ಇಳಿಸಿದ್ದು ದ್ವೇಷವಲ್ಲ, ಆಸ್ತಿಯಲ್ಲ, ಹಳೆಯ ಜಗಳವಲ್ಲ. ಒಂದು ಸೆರಗಿನ ತೇಪೆ ಮತ್ತು ಒಂದು ಗುಂಡಿ. ಇದಕ್ಕಿಂತ ದೊಡ್ಡ ಕಾರಣಕ್ಕೆ ಕುರ್ಚಿ ಕಳೆದುಕೊಂಡ ರಾಜರ ಚರಿತ್ರೆಗಳು ನಮ್ಮ ವಾಚನಾಲಯದಲ್ಲಿ ಒಂದು ಬೀರು ತುಂಬ ಇವೆ. ಅವರೆಲ್ಲ ಅದೃಷ್ಟವಂತರು.

ಹಾಲಪ್ಪನೇ ಬರುವುದಿಲ್ಲ ಎಂದುಬಿಟ್ಟರೆ ಆಯಿತಲ್ಲ ಎಂದುಕೊಂಡು ಅವನ ಅಂಗಡಿಗೆ ಹೋದೆ. ಒಂದು ಕೊಡೆಯ ಕಡ್ಡಿಗೆ ತಂತಿ ಸುತ್ತುತ್ತ ಕೂತಿದ್ದ. ಎದ್ದು ಸ್ಟೂಲು ಒರೆಸಿದ. ಅವನ ತಲೆಯ ಹಿಂದೆ, ಗೋಡೆಯ ಮೇಲೆ, ಚೌಕಟ್ಟು ಹಾಕಿದ ನಮ್ಮ ಕುಟುಂಬ ನಗುತ್ತಿತ್ತು. ನಾನೊಬ್ಬ ಬಿಟ್ಟು, ನನ್ನದು ಅದೇ ಗಂಟುಮುಖ.

"ನಿಮ್ಮಕ್ಕಾವ್ರನ್ನ ಕೇಳಿ ಇಸ್ಕೊಂಡೆ ಸಾರ್" ಎಂದ. "ತಪ್ಪು ತಿಳ್ಕೋಬೇಡಿ. ಊರಿನ ಅಷ್ಟೂ ಮದುವೇಲಿ ನಾನು ನಡುಮಧ್ಯೆ ನಿಂತೋನು, ಒಂದರಲ್ಲೂ ನಾನಿಲ್ಲ. ನಮ್ಮನೆಯೋಳು ಕೇಳ್ತಾಳೆ, ಮದುವೆ ಮದುವೆ ಅಂತ ಹೋಗ್ತೀರಲ್ಲ, ನಿಜವಾಗ್ಲೂ ಎಲ್ಲಿಗೆ ಹೋಗ್ತೀರಿ ಅಂತ. ಇದನ್ನ ತೋರಿಸಿದ್ಮೇಲೆ ಸಮಾಧಾನ ಆದ್ಲು."

ಜಗಳಕ್ಕೆಂದು ಬಂದಿದ್ದವನು ಅವನು ಒರೆಸಿದ ಸ್ಟೂಲಿನ ಮೇಲೆ ಕೂತೆ. ಆದರೂ ಕೇಳಿದೆ. "ನೀನು ಮದುವೆಗೆ ಬರಬೇಡ ಅಂದ್ರೆ?"

"ನೀವು ಬೇಡ ಅಂದ್ರೆ ಬರಲ್ಲ ಸಾರ್. ನನಗೂ ಭಯವೇ. ಹುಡುಗಿ ಕೈ ಹಿಡಿಯೋ ಅಷ್ಟು ದೊಡ್ಡ ಕೆಲಸ ನಾನು ಯಾವತ್ತೂ ಮಾಡಿಲ್ಲ. ಅಲ್ಲದೆ ಇನ್ನೊಂದು ತೊಂದರೆ ಆಗಿದೆ." ಅವನು ದನಿ ತಗ್ಗಿಸಿದ. "ಆವತ್ತಿಂದ ನಾನು ಉದುರ್ತಾ ಇಲ್ಲ."

"ಉದುರ್ತಾ ಇಲ್ಲ ಅಂದ್ರೆ?"

"ಮೊನ್ನೆ ಒಂದು ನಾಮಕರಣಕ್ಕೆ ನಿಂತಿದ್ದೆ. ಮಾಮೂಲಿ ಫೋಟೊನೇ, ಎಚ್‌ಡಿ ಅಲ್ಲ. ನಾನು ಉಳ್ಕೊಂಡೆ, ಮಗುವಿನ ಅಜ್ಜಿ ಉದುರಿದ್ರು. ಆಯಮ್ಮ ನನಗೆ ಊಟಕ್ಕೆ ಹಾಕಿದ ಎಲೆ ಎತ್ತಿಸಿದ್ರು ಸಾರ್. ನನ್ನ ಕಡೆ ಎಲ್ಲರೂ ನೋಡೋಕೆ ಶುರು ಮಾಡಿದಾರೆ, ಇವನೇನಾ ಎಚ್‌ಡಿ ಹಾಲಪ್ಪ ಅಂತ. ಇನ್ನು ಈ ಕಸುಬು ಮುಗೀತು."

ಕಸುಬು ಕಳೆದುಕೊಂಡವನೂ ಪದವಿ ಕಳೆದುಕೊಂಡವನೂ ಎದುರುಬದುರು ಕೂತು ಚಹಾ ಕುಡಿದೆವು. ಅವನ ಮುಖ ಆಗ ಸರಿಯಾಗಿ ನೋಡಿದೆ. ಮೀಸೆಯ ಎಡಗಡೆ ಸ್ವಲ್ಪ ಬೆಳ್ಳಗಾಗಿತ್ತು. ಸಿಟ್ಟು ಮಾಡಿಕೊಳ್ಳಲು ಇಷ್ಟು ಪಾಪದವನಲ್ಲದ ಮನುಷ್ಯ ಬೇಕಿತ್ತು ಅನಿಸಿ ಇನ್ನಷ್ಟು ಸಿಟ್ಟು ಬಂತು.

ಮನೆಗೆ ಬಂದರೆ ಮಂದಾರ ಅಪ್ಪನ ಎದುರು ನಿಂತಿದ್ದಳು. "ಮಾವ ಕರ್ಕೊಂಡು ಹೋಗ್ದಿದ್ರೆ ನಾನು ಹೆಜ್ಜೆ ಇಡಲ್ಲ ಅಪ್ಪ."

"ನಿನ್ನ ಮಾವ ಕರ್ಕೊಂಡು ಹೋದ್ರೆ ಆ ಅಜ್ಜಿ ಹೆಜ್ಜೆ ಇಡೋಕೆ ಬಿಡಲ್ಲ ಕಣಮ್ಮ" ಎಂದರು ಭಾವ.

"ನನಗೆ ಎರಡು ಕೈ ಇದೆಯಲ್ಲ. ಒಂದು ಮಾವ ಹಿಡ್ಕೊಳ್ಳಲಿ, ಒಂದು ಹಾಲಪ್ಪನೋರು ಹಿಡ್ಕೊಳ್ಳಲಿ."

ಭಾವ ಏನೋ ಬಯ್ಯಲು ಹೊರಟವರು ನಿಂತರು. ನೀರು ಎಲ್ಲಿ ಬಿಡಬೇಕು ಎಲ್ಲಿ ಕಟ್ಟಬೇಕು ಎಂದು ಯೋಚಿಸುವ ಹಳೆಯ ಮುಖ ಬಂತು. ದಿನಕ್ಕೊಂದೇ ಸರದಿ, ಮುಹೂರ್ತದ ದಿನದ ಕೆಂಪು ಬಟ್ಟೆ ಸಂಜೆಗೆಂದು ಆಗಲೇ ಬೇರೆ ಮನೆಯವರ ಪಾಲಾಗಿತ್ತು. ಫೋಟೊ ಮಾಮೂಲಿಯಾಗಿಯೇ ಹೋಗಬೇಕಿತ್ತು. ಅಂದರೆ ಒಬ್ಬರು ಉದುರುತ್ತಾರೆ. ಹಾಲಪ್ಪ ಈಗ ಉದುರುವವನಲ್ಲ. ಉದುರಲು ಉಳಿದವನು ನಾನು.

"ಬಲಗೈ ನೀನು ಹಿಡ್ಕೊಳ್ಳಯ್ಯಾ" ಎಂದರು ಭಾವ ಬಹಳ ಪ್ರೀತಿಯಿಂದ. "ಇಲ್ಲಿ ನೀನು ಕರ್ಕೊಂಡು ಹೋದ ಹಾಗಾಯ್ತು, ಅಲ್ಲಿ ಹಾಲಪ್ಪ ಕರ್ಕೊಂಡು ಬಂದ ಹಾಗಾಯ್ತು. ಯಾರಿಗೂ ಬೇಜಾರಿಲ್ಲ."

ನನ್ನನ್ನು ಸ್ವಂತ ಸೋದರಸೊಸೆಯ ಮದುವೆಗೆ ಉದುರಾಳಾಗಿ ಗೊತ್ತು ಮಾಡಿದ್ದು ಹೀಗೆ. ಹಬ್ಬದೂಟ ಹೇಗೂ ಇತ್ತು. ಒಪ್ಪಿಕೊಂಡೆ, ಆದರೆ ಒಳಗೊಂದು ಆಸೆ ಇಟ್ಟುಕೊಂಡೆ. ಹಾಲಪ್ಪನದು ಹಳೆಯ ಕಸುಬು. ಆ ಒಂದು ಕ್ಷಣಕ್ಕೆ ಅದು ಮರಳಿ ಬರಬಾರದೇ? ನಾನು ಗಾಢ ನೀಲಿ ಚೌಕುಳಿಯ ಶರ್ಟು ಹೊಲಿಸಿಕೊಂಡೆ. ಮನಸ್ಸನ್ನು ಎಲ್ಲಿಗೂ ಬಿಡದಿರುವ ಅಭ್ಯಾಸವನ್ನೂ ಮಾಡಿಕೊಂಡೆ. ಪುಸ್ತಕ ಓದುವವನಿಗೆ ಅದು ಸುಲಭವಲ್ಲ.

ಮದುವೆಯ ದಿನ ಮಂದಾರ ಕೋಣೆಯಿಂದ ಹೊರಗೆ ಬಂದಳು. ನಾನು ಬಲಗೈ ಹಿಡಿದೆ, ಅವಳು ನನ್ನ ಎಡಗೈ ಹೆಬ್ಬೆರಳನ್ನು, ಆ ಗುರುತಿದ್ದ ಜಾಗದಲ್ಲೇ, ಒಮ್ಮೆ ಒತ್ತಿದಳು. ಆ ಕಡೆ ಹಾಲಪ್ಪ ಬಿಸಿ ಪಾತ್ರೆ ಹಿಡಿದವನ ಹಾಗೆ ಎಡಗೈ ಹಿಡಿದಿದ್ದ. ಛತ್ರದಲ್ಲಿ ನಮ್ಮೂರಿನವರಿಗೆಲ್ಲ ಸುದ್ದಿ ಗೊತ್ತಿತ್ತು. ಕುರ್ಚಿಗಳಿಂದ ಕತ್ತು ಚಾಚಿ ಒಮ್ಮೆ ನನ್ನನ್ನು, ಒಮ್ಮೆ ಹಾಲಪ್ಪನನ್ನು ನೋಡುತ್ತಿದ್ದರು.

"ಕನ್ನಡಕದೋರೇ ಉದುರೋದು."

"ಸುಮ್ನಿರೇ, ಶರ್ಟು ನೋಡು, ತಯಾರಿ ಮಾಡ್ಕೊಂಡು ಬಂದಿದಾರೆ."

"ಹಾಲಪ್ಪನ ಮುಖ ನೋಡ್ರಿ, ಈಗ್ಲೇ ಅರ್ಧ ಹೋಗಿದೆ."

ನಾನು ಹಾಲಪ್ಪನನ್ನು ನೋಡುತ್ತಿದ್ದೆ, ಹಾಲಪ್ಪ ನನ್ನನ್ನು ನೋಡುತ್ತಿದ್ದ, ಭಾವ ನಮ್ಮಿಬ್ಬರನ್ನೂ ನೋಡುತ್ತಿದ್ದರು, ಫೋಟೊಗ್ರಾಫರ್ ಕ್ಲಿಕ್ ಮಾಡಿದ. ಭಾವನ ಫೋನಿನಿಂದ ಫೋಟೊ ಹೊರಟಿತು. ಬಂದದ್ದನ್ನು ಒಂದು ಸಲ ವಾಪಸು ಕಳಿಸಿ ಅಮ್ಮ ಎಂದು ಭಾವ ಕೆಳಗೆ ಬರೆದರು. ಪುರೋಹಿತರೂ ಮಂತ್ರ ನಿಲ್ಲಿಸಿ ಕಾದರು.

ಫೋಟೊ ವಾಪಸು ಬಂತು. ಭಾವ ನೋಡಿದರು, ಫೋನಿನ ಗಾಜು ಒರೆಸಿ ಮತ್ತೆ ನೋಡಿದರು, ನನ್ನ ಕೈಗೆ ಕೊಟ್ಟರು. ಎರಡೂ ಕಡೆ ಬಾಳೆಕಂಬ, ಕೆಳಗೆ ರಂಗೋಲಿ, ಎಲ್ಲ ಅಚ್ಚುಕಟ್ಟಾಗಿತ್ತು. ನಡುವೆ ಚೌಕುಳಿ ಶರ್ಟಿನ ಇಬ್ಬರು ವಯಸ್ಸಾದ ಗಂಡಸರು, ತಮ್ಮ ಮಧ್ಯೆ ಒಂದು ಸಂದು ಬಿಟ್ಟುಕೊಂಡು, ಪರಸ್ಪರ ಕೈ ಚಾಚಿ, ಒಬ್ಬರನ್ನೊಬ್ಬರು ಬಹಳ ಗಂಭೀರವಾಗಿ ನೋಡುತ್ತ ಹಸೆಮಣೆಯ ಕಡೆ ನಡೆಯುತ್ತಿದ್ದರು. ಮಂದಾರ ಉದುರಿದ್ದಳು.

"ನಾನು ಹೇಳಿರ್ಲಿಲ್ವಾ?" ಎಂದಳು ಅವಳು ನನ್ನ ಹೆಗಲ ಮೇಲಿಂದ ಇಣುಕಿ. "ಒಬ್ಬರಾದ್ರೂ ನನ್ನ ಕಡೆ ನೋಡಿದ್ರಾ ಇವತ್ತು?"

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಭಾವ ಅದನ್ನು ಕೈಯಲ್ಲಿ ಹಿಡಿಯಲೂ ಹೆದರಿ ಮಣೆಯ ಮೇಲಿಟ್ಟು ಸ್ಪೀಕರಿಗೆ ಹಾಕಿದರು.

"ಬೀಗರೇ, ಫೋಟೊ ಬಂತು" ಎಂದರು ಕಾತ್ಯಾಯಿನಮ್ಮ. "ಹುಡುಗಿ ಕಾಣ್ತಾ ಇಲ್ಲ."

"ಅದು... ಅಮ್ಮ... ಹುಡುಗಿ ಹಿಂದೆ ಬರ್ತಾ ಇದಾಳೆ."

"ಇರ್ಲಿ ಬಿಡಿ. ಅವಳು ಹೇಗೂ ನಾಳೆ ನಮ್ಮನೆಗೆ ಬರೋಳು, ಇಲ್ಲೇ ನೋಡ್ಕೋತೀನಿ. ಆ ಕನ್ನಡಕದೋರೂ ಸೋದರಮಾವ ಅಂತ ಮೊದಲೇ ಹೇಳೋಕೇನಾಗಿತ್ತು ನಿಮಗೆ? ಪುಸ್ತಕ ಕೊಡೋಕೆ ಬಂದೋರು ಅಂದ್ರಲ್ಲ. ಇಬ್ಬರಿಗೂ ಊಟದಲ್ಲಿ ಏನೂ ಕಡಿಮೆ ಮಾಡ್ಬೇಡಿ."

ಪುರೋಹಿತರು ಮಂತ್ರ ಬಿಟ್ಟ ಕಡೆಯಿಂದ ಹಿಡಿದರು. ಕಾತ್ಯಾಯಿನಮ್ಮನವರು ಆ ಫೋಟೊಗೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಮಂದಾರ ದಿನಾ ಅದರ ಧೂಳು ಒರೆಸುತ್ತಾಳಂತೆ. ಹಾಲಪ್ಪ ಈಗ ಕೊಡೆ ಮಾತ್ರ ರಿಪೇರಿ ಮಾಡುತ್ತಾನೆ. ಅವಳ ಬಲಗೈ ಹಿಡಿದು ಹಸೆಗೆ ಕರೆದುಕೊಂಡು ಹೋದವನು ನಾನು.